ಹಿಟ್ಟಿನ ಕೋಳಿಯೂ ಕೈಕಸಬಿನ ಕೋವಿಯೂ

ಹಿಂಸೆಯು ಯಾವಾಗಲೂ ಕತ್ತಿ ಹಿರಿದುಕೊಂಡೇ ಎದುರಿಗೆ ಬರುವುದಿಲ್ಲ. ಅನೇಕ ವೇಳೆ ಅದು ಕಲೆಯ ಹೆಸರಿನಲ್ಲಿ, ಪರಂಪರೆಯ ಹೆಸರಿನಲ್ಲಿ, ನಿರಪಾಯವಾದ ವಿನೋದದ ಹೆಸರಿನಲ್ಲಿ ಮೆಲ್ಲನೆ ಮನೆಯೊಳಕ್ಕೆ ಬಂದು ಕುಳಿತುಕೊಳ್ಳುತ್ತದೆ. ಎದುರಿಗೆ ಬಂದ ಹಿಂಸೆಯನ್ನು ಗುರುತಿಸುವುದು ಸಾಮಾನ್ಯ ವಿವೇಕಕ್ಕೆ ಸಾಧ್ಯ. ಅತಿಥಿಯಂತೆ ಬಂದ ಹಿಂಸೆಯನ್ನು ಗುರುತಿಸಲು ಶ್ರಾವಕನಿಗೆ ಎಚ್ಚರ ಬೇಕು. ಹಳೆಯ ಮಾದರಿಯ ಚಕಮಕಿ ಕೋವಿಯನ್ನು ಕೈಯಿಂದಲೇ ಮಾಡಿ, ಗುರಿಯಿಟ್ಟು ಹೊಡೆಯುವ ಹವ್ಯಾಸವನ್ನು ಕುರಿತು ಕೇಳಿಬರುವ ಪ್ರಶಂಸೆಯು ಇಂಥ ಅತಿಥಿಗಳಲ್ಲೊಂದು. ಅಮೆರಿಕದಲ್ಲಿ ಬಾಯಿಮದ್ದಿನ ಕೋವಿಗಳ ಹವ್ಯಾಸಿಗಳು ೧೯೩೩ರಲ್ಲಿಯೇ ರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡರು; ೧೯೭೧ರಲ್ಲಿ ಅಂತರರಾಷ್ಟ್ರೀಯ ಸಮಿತಿಯೂ ಹುಟ್ಟಿತು. ಅಲ್ಲಿ ಕೋವಿ ಮಾಡುವವನು ಕುಂಬಾರ, ನೇಕಾರರ ಸಾಲಿನಲ್ಲಿ ನಿಲ್ಲುವ ಕುಶಲಕರ್ಮಿ. ಅದೇ ಮಾತು ಈಗ ಇಲ್ಲಿಯ ವಿದ್ಯಾವಂತರ ಬಾಯಲ್ಲಿಯೂ ಕೇಳಿಬರುತ್ತಿದೆ.

ಈ ಪ್ರಶಂಸೆಯ ಹಿಂದೆ ಮೂರು ವಾದಗಳಿವೆ. ಇದು ಕೈಕಸಬು, ಕಾರ್ಖಾನೆಯ ಮಾಲಲ್ಲ ಎಂಬುದು ಮೊದಲನೆಯದು. ಇದು ನಾಡಿನ ಪರಂಪರೆ ಎಂಬುದು ಎರಡನೆಯದು. ಹೊಡೆಯುವುದು ಹಲಗೆಗೇ ಹೊರತು ಜೀವಿಗಲ್ಲ ಎಂಬುದು ಮೂರನೆಯದು. ಮೂರನ್ನೂ ಶ್ರಾವಕಾಚಾರದ ಒರೆಗಲ್ಲಿಗೆ ಹಚ್ಚಿ ನೋಡುವುದು ಅಗತ್ಯ.

ಕೈಕಸಬೆಂಬ ವಾದ

ಚಕಮಕಿ ಕೋವಿಯನ್ನು ಮಾಡುವುದು ಸುಲಭದ ಕೆಲಸವಲ್ಲವೆಂಬುದನ್ನು ಒಪ್ಪಲೇಬೇಕು. ಕಬ್ಬಿಣದ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ, ಸರಳಿನ ಸುತ್ತ ಸುತ್ತಿ, ಬೆಸೆದು, ಬಡಿದು ನಳಿಗೆಯನ್ನು ಸಿದ್ಧಪಡಿಸಬೇಕು. ಅದರ ಒಳಮೈಯನ್ನು ಕೊರೆದು ನಯಗೊಳಿಸಬೇಕು. ಹಿಂದಿನ ತುದಿಯನ್ನು ಭದ್ರವಾಗಿ ಮುಚ್ಚಿ, ಪಕ್ಕದಲ್ಲಿ ಕಿವಿಯೆಂಬ ಸಣ್ಣ ರಂಧ್ರವನ್ನು ಬಿಡಬೇಕು. ಮರದ ಹಿಡಿಯನ್ನು ಹೆಗಲಿಗೆ ಒಪ್ಪುವಂತೆ ಕೆತ್ತಬೇಕು. ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಕಿಡಿಯ ಯಂತ್ರ. ಕುದುರೆಯೆಂದು ಕರೆಯುವ ಕೊಕ್ಕಿನ ಬಾಯಲ್ಲಿ ಚಕಮಕಿ ಕಲ್ಲನ್ನು ಚರ್ಮದ ತುಂಡಿನಲ್ಲಿ ಸುತ್ತಿ ಬಿಗಿದಿರುತ್ತಾರೆ. ಬೆರಳು ಟ್ರಿಗರನ್ನು ಎಳೆದೊಡನೆ ಕುದುರೆಯು ಮುಂದಕ್ಕೆ ಹಾರಿ, ಕಲ್ಲು ಉಕ್ಕಿನ ಮುಚ್ಚಳವನ್ನು ಉಜ್ಜುತ್ತದೆ. ಮುಚ್ಚಳವು ಹಿಂದಕ್ಕೆ ಸರಿದು, ಬಟ್ಟಲಿನಲ್ಲಿರುವ ಮದ್ದಿನ ಮೇಲೆ ಕಿಡಿ ಬೀಳುತ್ತದೆ. ಆ ಜ್ವಾಲೆಯು ಕಿವಿಯ ಮೂಲಕ ನಳಿಗೆಯನ್ನು ಹೊಕ್ಕು ಗುಂಡನ್ನು ಹೊರಡಿಸುತ್ತದೆ. ಉಕ್ಕಿನ ಸ್ಪ್ರಿಂಗು ಸ್ವಲ್ಪ ಮೆತ್ತಗಾದರೂ ಕಿಡಿಯಿಲ್ಲ. ಸ್ವಲ್ಪ ಗಡುಸಾದರೂ ಅದು ಮುರಿಯುತ್ತದೆ. ವಾರಗಟ್ಟಲೆ ಏಕಾಗ್ರತೆಯಿಂದ ದುಡಿದವನಿಗೆ ಮಾತ್ರ ಇದು ಸಾಧ್ಯ.

ಈ ಏಕಾಗ್ರತೆಯನ್ನೇ ಹವ್ಯಾಸಿಗಳು ಕೊಂಡಾಡುತ್ತಾರೆ. ಜೈನಧರ್ಮದ ದೃಷ್ಟಿಯಲ್ಲಿ ತೊಡಕಿರುವುದೂ ಇಲ್ಲಿಯೇ. ಕಾರ್ಖಾನೆಯಲ್ಲಿ ತಿರುಪನ್ನು ಬಿಗಿಯುವ ಕೂಲಿಯಾಳಿಗೆ ತಾನು ಮಾಡುತ್ತಿರುವುದು ಯಾವುದರ ಅಂಗವೆಂಬುದು ತಿಳಿಯದೆಯೂ ಇರಬಹುದು. ಕೈಯಿಂದ ಕೋವಿ ಮಾಡುವವನಿಗೆ ಆ ಅಜ್ಞಾನದ ಆಶ್ರಯವೂ ಇಲ್ಲ. ಪ್ರತಿಯೊಂದು ಸುತ್ತಿಗೆಯ ಪೆಟ್ಟಿನಲ್ಲಿಯೂ ಅವನ ಸಂಕಲ್ಪ ಸೇರಿರುತ್ತದೆ. ಗುಂಡು ನೆಟ್ಟಗೆ ಹೋಗಲೆಂದೇ ಅವನು ನಳಿಗೆಯನ್ನು ನಯಗೊಳಿಸುವುದು. ಕಿಡಿ ತಪ್ಪದಿರಲೆಂದೇ ಉಕ್ಕನ್ನು ಹದಗೊಳಿಸುವುದು. ಪ್ರಮಾದದಿಂದ ಕೂಡಿದ ಮನೋವಚನಕಾಯಗಳಿಂದ ಪ್ರಾಣಕ್ಕೆ ಘಾತವನ್ನುಂಟುಮಾಡುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರಕಾರರು ಹೇಳಿದಾಗ, ಅವರು ಮೊದಲು ಬೊಟ್ಟುಮಾಡಿದ್ದು ಕೈಯಲ್ಲಿರುವ ಆಯುಧವನ್ನಲ್ಲ, ಒಳಗಿರುವ ಭಾವವನ್ನು. ಆದುದರಿಂದ ಕೈಕಸಬೆಂಬುದು ಇಲ್ಲಿ ದೋಷಕ್ಕೆ ವಿನಾಯಿತಿಯಲ್ಲ. ದೋಷವನ್ನು ಇಮ್ಮಡಿಗೊಳಿಸುವ ಕಾರಣ.

ಕೈಕಸಬು ತಾನಾಗಿಯೇ ನಿರ್ದೋಷಿಯಾಗುವುದಾದರೆ ಬಿಹಾರದ ಮುಂಗೇರಿಯನ್ನು ನೋಡಬಹುದು. ಹದಿನೆಂಟನೆಯ ಶತಮಾನದಲ್ಲಿ ಬಂಗಾಳದ ನವಾಬ ಮೀರ್ ಕಾಸಿಮನು ತನ್ನ ರಾಜಧಾನಿಯನ್ನು ಅಲ್ಲಿಗೆ ಸಾಗಿಸಿ ಕೋವಿಗಳ ತಯಾರಿಕೆಯನ್ನು ಬೆಳೆಸಿದನು. ಅಲ್ಲಿಯ ಕಮ್ಮಾರರ ಕೈಚಳಕ ಹೆಸರಾಯಿತು. ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದಿತು. ಆ ಊರಿನ ಹೆಸರು ಇಂದು ದೇಶದ ಪತ್ರಿಕೆಗಳಲ್ಲಿ ಕಾಣುವುದು ಹೆಚ್ಚಾಗಿ ಕಳ್ಳ ಬಂದೂಕುಗಳ ಸುದ್ದಿಯಲ್ಲಿ. ಕೈಯ ಜಾಣತನಕ್ಕೆ ತನ್ನದೇ ಆದ ಧರ್ಮವಿಲ್ಲ; ಅದು ಮಾಡುವ ವಸ್ತುವಿನ ಧರ್ಮವೇ ಅದರ ಧರ್ಮ.

ಪರಂಪರೆಯೆಂಬ ವಾದ

ಇನ್ನು ಪರಂಪರೆ. ಚಿಕ್ಕಬಳ್ಳಾಪುರದ ಸೀಮೆಗೆ ಕೋವಿಯ ಇತಿಹಾಸವಿಲ್ಲವೆಂದು ಯಾರೂ ಹೇಳಲಾರರು. ೧೭೯೧ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೇನೆಯು ಟೀಪುವಿನ ನಂದಿದುರ್ಗವನ್ನು ಮುತ್ತಿ ಹಿಡಿದುಕೊಂಡಿತು. ಆ ಯುದ್ಧದಲ್ಲಿ ಎರಡು ಕಡೆಯವರ ಕೈಯಲ್ಲಿದ್ದುದೂ ಬಹುಮಟ್ಟಿಗೆ ಒಳಮೈ ನಯವಾದ, ಬಾಯಿಂದ ಮದ್ದು ತುಂಬುವ ಕೋವಿಗಳೇ. ಟೀಪುವಿನ ಕಮ್ಮಟಗಳಲ್ಲಿ ಆದ ಚಕಮಕಿ ಕೋವಿಗಳ ಕುಸುರಿಕೆಲಸವನ್ನು ಜಗತ್ತಿನ ಸಂಗ್ರಹಕಾರರು ಇಂದಿಗೂ ಬೆರಗಿನಿಂದ ನೋಡುತ್ತಾರೆ. ಅವನಿಗಾಗಿ ೧೭೯೩-೯೪ರಲ್ಲಿ ಮಾಡಿದ, ಚಿನ್ನ ಬೆಳ್ಳಿಗಳ ಕೆತ್ತನೆಯುಳ್ಳ ಅಂಥ ಒಂದು ಕೋವಿಗೆ ಇಪ್ಪತ್ತು ಲಕ್ಷ ಪೌಂಡುಗಳ ಬೆಲೆಯನ್ನು ಗೊತ್ತುಪಡಿಸಿ, ಅದು ದೇಶವನ್ನು ಬಿಟ್ಟುಹೋಗಬಾರದೆಂದು ಬ್ರಿಟನ್ನಿನ ಸರಕಾರವು ೨೦೨೩ರಲ್ಲಿ ತಾತ್ಕಾಲಿಕವಾಗಿ ತಡೆಹಾಕಿತು. ಅದು ಯುದ್ಧದ ಕೋವಿಯೂ ಅಲ್ಲ. ಬೇಟೆಯಲ್ಲಿ ಹಕ್ಕಿಗಳನ್ನು ಹೊಡೆಯುವುದಕ್ಕೆಂದೇ ಮಾಡಿದ್ದು. ಅದರ ಚಿನ್ನದ ತೂಕವನ್ನೂ ಬೆಳ್ಳಿಯ ನಯವನ್ನೂ ವರ್ಣಿಸುವವರಿಗೆ ಅದರ ಮುಂದೆ ಬಿದ್ದ ಹಕ್ಕಿಗಳು ನೆನಪಾಗುವುದಿಲ್ಲ. ಪರಂಪರೆಯ ಲೆಕ್ಕದ ಪುಸ್ತಕದಲ್ಲಿ ಕೊಂದವನ ಕಡೆಯ ಪುಟವಷ್ಟೇ ಇರುತ್ತದೆ.

ಆದರೆ ನಂದಿಯ ಸೀಮೆಗೆ ಇನ್ನೂ ಹಳೆಯ ಪರಂಪರೆಯೊಂದುಂಟು. ನಂದಿಬೆಟ್ಟದ ಬಳಿಯ ಗೋಪಿನಾಥ ಬೆಟ್ಟದ ಶಾಸನವು ಅಲ್ಲಿದ್ದ ಅರ್ಹಂತರ ಚೈತ್ಯಾಲಯವನ್ನು ಸ್ಮರಿಸುತ್ತದೆ. ಗುಡಿಬಂಡೆಯಲ್ಲಿ ಬಸದಿಗಳಿವೆ. ಕೋವಿಯೆಂಬ ವಸ್ತು ಈ ನಾಡಿಗೆ ಕಾಲಿಡುವುದಕ್ಕೆ ನೂರಾರು ವರ್ಷಗಳ ಮೊದಲೇ ಆ ಬಂಡೆಗಳ ನಡುವೆ ಅಭಯದ ಮಾತು ಕೇಳಿಬಂದಿತ್ತು. ಪರಂಪರೆಯನ್ನು ಉಳಿಸಬೇಕೆನ್ನುವವರು ಇದನ್ನೇಕೆ ಮೊದಲು ನೆನೆಯುವುದಿಲ್ಲ?

ಈ ಜಿಲ್ಲೆಯ ಜನ ಕೋವಿಯನ್ನು ನೆನೆಯಲು ಇನ್ನೊಂದು ಸ್ಥಳವಿದೆ. ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥದಲ್ಲಿ ೧೯೩೮ರ ಏಪ್ರಿಲ್ ೨೫ರಂದು, ಧ್ವಜ ಸತ್ಯಾಗ್ರಹಕ್ಕೆ ನೆರೆದಿದ್ದ ನಿರಾಯುಧ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತಕ್ಕೂ ಹೆಚ್ಚು ಮಂದಿಯೆಂಬುದು ಜನರ ಲೆಕ್ಕ. ಸರಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಆ ಸ್ಥಳ ಹೆಸರಾಗಿದೆ. ಕೋವಿಯ ಎರಡು ತುದಿಗಳಲ್ಲಿ ಯಾವ ತುದಿಯ ಪರಂಪರೆಯನ್ನು ಈ ಸೀಮೆ ತನ್ನದೆಂದು ಹೇಳಿಕೊಳ್ಳಬೇಕೆಂಬುದಕ್ಕೆ ವಿದುರಾಶ್ವತ್ಥವೇ ಉತ್ತರ. ಅಲ್ಲಿ ಸ್ಮಾರಕವೆದ್ದಿರುವುದು ಗುಂಡು ಹಾರಿಸಿದವರಿಗಲ್ಲ.

ಕೊಡಗಿನವರು ಕೋವಿಯನ್ನು ಪೂಜಿಸುವುದಿಲ್ಲವೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದಿಲ್ಲವೆ ಎಂದು ಕೇಳುವವರುಂಟು. ಕೊಡವರ ಕೋವಿಯು ಅವರ ಚರಿತ್ರೆಯೊಡನೆ ಬೆಳೆದುಬಂದದ್ದು. ಕಾನೂನು ಅವರಿಗೆ ನೀಡಿರುವ ವಿನಾಯಿತಿಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು ೨೦೨೧ರಲ್ಲಿ ಎತ್ತಿಹಿಡಿದಿದೆ. ಆ ವಿಚಾರದಲ್ಲಿ ತೀರ್ಪು ನೀಡುವ ಅಧಿಕಾರ ಶ್ರಾವಕರಿಗಿಲ್ಲ. ಅಣುವ್ರತವನ್ನು ಸ್ವೀಕರಿಸಿದವನು ನೆರೆಯವನ ಆಚಾರವನ್ನು ತೋರಿಸಿ ತನ್ನ ವ್ರತವನ್ನು ಸಡಿಲಿಸಿಕೊಳ್ಳುವುದು ಮಾತ್ರ ಹಾಸ್ಯಾಸ್ಪದ. ರಾತ್ರಿಭೋಜನದ ತ್ಯಾಗವನ್ನು ಯಾರೂ ನೆರೆಮನೆಯ ಒಲೆಯನ್ನು ನೋಡಿ ನಿರ್ಧರಿಸುವುದಿಲ್ಲ.

ಹಲಗೆಗೆ ಹೊಡೆದರೆ ಏನಾಯಿತು?

ಮೂರನೆಯ ವಾದವೇ ಎಲ್ಲಕ್ಕಿಂತ ಮೋಹಕವಾದದ್ದು. ಹಲಗೆಗೆ ಜೀವವಿಲ್ಲ, ಗುಂಡು ನಾಟಿದರೆ ನೋವಿಲ್ಲ, ಹಿಂಸೆಯೆಲ್ಲಿಂದ ಬಂತು? ಈ ಪ್ರಶ್ನೆಯನ್ನು ಜೈನ ಕವಿಗಳು ಎಂದೋ ಕೇಳಿ ಉತ್ತರಿಸಿದ್ದಾರೆ. ಜನ್ನನು ೧೨೦೯ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಕಥೆಯನ್ನು ತಿಳಿಯದ ಜೈನ ಮನೆ ಕನ್ನಡನಾಡಿನಲ್ಲಿ ವಿರಳ. ಯಶೋಧರನು ಜೀವಬಲಿಗೆ ಒಪ್ಪಲಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಹಿಟ್ಟಿಗೆ ಜೀವವಿಲ್ಲ, ರಕ್ತವಿಲ್ಲ, ನೋವಿಲ್ಲ. ಆದರೂ ಆ ಒಂದು ಸಂಕಲ್ಪದ ಫಲವಾಗಿ ತಾಯಿಮಕ್ಕಳು ನವಿಲು ನಾಯಿಗಳಿಂದ ಮೊದಲುಗೊಂಡು ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲಿದರು. ಹಲಗೆಯ ಮೇಲೆ ಬರೆದ ವೃತ್ತವು ಹಿಟ್ಟಿನ ಕೋಳಿಯಲ್ಲದೆ ಮತ್ತೇನು? ಕೊಲ್ಲುವ ಕ್ರಿಯೆಯೆಲ್ಲವೂ ಅಲ್ಲಿದೆ. ಕೊಲ್ಲಲ್ಪಡುವ ಜೀವಿಯ ಸ್ಥಾನದಲ್ಲಿ ಬದಲಿಯೊಂದನ್ನು ನಿಲ್ಲಿಸಲಾಗಿದೆ, ಅಷ್ಟೇ.

ಆ ಕಥೆಯ ಕೊನೆಯ ಭಾಗವನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ಕಡೆಗೆ ಇಬ್ಬರೂ ಕೋಳಿಗಳಾಗಿ ಹುಟ್ಟಿ, ಮುನಿಯ ಧರ್ಮೋಪದೇಶವನ್ನು ಕೇಳಿ ಹರ್ಷದಿಂದ ಕೂಗುತ್ತಾರೆ. ಆಗ ರಾಣಿ ಕುಸುಮಾವಳಿಯೊಡನಿದ್ದ ರಾಜ ಯಶೋಮತಿಯು ತನ್ನ ಶಬ್ದವೇಧಿ ವಿದ್ಯೆಯನ್ನು ಅವಳಿಗೆ ತೋರಿಸಬೇಕೆಂದು ಆ ಕೂಗು ಬಂದ ದಿಕ್ಕಿಗೆ ಬಾಣ ಬಿಡುತ್ತಾನೆ. ಅವನಿಗೆ ಹಸಿವಿರಲಿಲ್ಲ, ಹಗೆಯಿರಲಿಲ್ಲ, ಬೇಟೆಯ ಅಗತ್ಯವೂ ಇರಲಿಲ್ಲ. ಇದ್ದುದು ಗುರಿಗಾರಿಕೆಯ ಹೆಮ್ಮೆ ಮಾತ್ರ. ಸತ್ತ ಕೋಳಿಗಳೋ ಅವನ ತಂದೆ ಮತ್ತು ಅಜ್ಜಿ. ಹಿಟ್ಟಿನ ಕೋಳಿಯಿಂದ ತೊಡಗಿದ ದುರಂತವು ಗುರಿಗಾರಿಕೆಯ ಪ್ರದರ್ಶನದಿಂದ ಮುಗಿಯುತ್ತದೆ. ಜೀವಿಯಿಲ್ಲದ ಕೊಲೆ ಒಂದು ತುದಿ. ದ್ವೇಷವಿಲ್ಲದ ಕೊಲೆ ಮತ್ತೊಂದು ತುದಿ. ಇವೆರಡರ ನಡುವೆ ಇರುವ ದಾರಿ ಎಷ್ಟು ಇಳಿಜಾರಾದುದೆಂಬುದನ್ನು ಕವಿ ಕಣ್ಣಿಗೆ ಕಟ್ಟುವಂತೆ ತೋರಿಸಿದ್ದಾನೆ.

ಗೃಹಸ್ಥನ ಹಿಂಸೆಯನ್ನು ಆಚಾರ್ಯರು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ: ಸಂಕಲ್ಪೀ, ಆರಂಭೀ, ಉದ್ಯೋಗೀ ಮತ್ತು ವಿರೋಧೀ. ಅಡುಗೆ, ಮನೆಕೆಲಸಗಳಲ್ಲಿ ಆಗುವುದು ಆರಂಭೀ. ಬೇಸಾಯ, ವ್ಯಾಪಾರಗಳಲ್ಲಿ ಆಗುವುದು ಉದ್ಯೋಗೀ. ಆತ್ಮರಕ್ಷಣೆ, ದೇಶರಕ್ಷಣೆಗಳಲ್ಲಿ ಅನಿವಾರ್ಯವಾದದ್ದು ವಿರೋಧೀ. ಹವ್ಯಾಸದ ಕೋವಿಯು ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅದು ಅನ್ನಕ್ಕಲ್ಲ, ಜೀವನೋಪಾಯಕ್ಕಲ್ಲ, ರಕ್ಷಣೆಗೂ ಅಲ್ಲ. ‘ಯಾವ ಉದ್ದೇಶವೂ ಇಲ್ಲ, ಬರಿಯ ಸಂತೋಷಕ್ಕೆ’ ಎಂದು ಹವ್ಯಾಸಿಯು ಸಮರ್ಥಿಸಿಕೊಳ್ಳುತ್ತಾನೆ. ಸಮಂತಭದ್ರಾಚಾರ್ಯರು ಅನರ್ಥದಂಡವೆಂದು ಕರೆದದ್ದು ಇದನ್ನೇ: ಪ್ರಯೋಜನವಿಲ್ಲದ ಪಾಪ. ಅವನ ಸಮರ್ಥನೆಯೇ ಅವನ ಮೇಲಿನ ಆರೋಪಪಟ್ಟಿ.

ಅನರ್ಥದಂಡದ ಐದು ಬಗೆಗಳೂ ಈ ಒಂದು ಹವ್ಯಾಸದಲ್ಲಿ ಕೂಡಿಬರುವುದು ವಿಸ್ಮಯದ ಸಂಗತಿ. ಕೋವಿ ಮಾಡುವ ವಿಧಾನವನ್ನು ಕಲಿಸುವುದು ಪಾಪೋಪದೇಶ. ಕೋವಿ, ಮದ್ದು, ಗುಂಡುಗಳನ್ನು ಕೊಡುವುದು ಹಿಂಸಾದಾನ. ‘ರತ್ನಕರಂಡಕ’ವು ಕೊಡಲಿ, ಕತ್ತಿ, ಗುದ್ದಲಿ, ಬೆಂಕಿಗಳನ್ನೂ ಈ ಪಟ್ಟಿಯಲ್ಲಿ ಸೇರಿಸಿರುವಾಗ ಕೋವಿಯ ಮಾತೇನು? ಗುರಿಯ ಮೇಲೆ ಕಣ್ಣಿಟ್ಟು ಘಾತವನ್ನು ಚಿಂತಿಸುವುದು ಅಪಧ್ಯಾನ. ಬೇಟೆಯ ರೋಚಕ ಕಥೆಗಳನ್ನು ಕೇಳುತ್ತ ಮೈಮರೆಯುವುದು ದುಃಶ್ರುತಿ. ವೃಥಾ ಬೆಂಕಿ ಹೊತ್ತಿಸಿ, ಮಣ್ಣಿನ ದಿಬ್ಬವನ್ನು ಸೀಳಿ, ಗಿಡಮರಗಳ ಹಕ್ಕಿಗಳನ್ನು ಬೆದರಿಸಿ ಓಡಿಸುವುದು ಪ್ರಮಾದಚರ್ಯೆ. ಇಷ್ಟನ್ನೂ ಒಂದೇ ಬೆಳಗಿನಲ್ಲಿ ಮುಗಿಸಿ ಬಂದವನು, ತಾನು ಯಾರನ್ನೂ ಕೊಲ್ಲಲಿಲ್ಲವೆಂದು ನೆಮ್ಮದಿಯಿಂದ ಊಟಕ್ಕೆ ಕೂರಬಹುದು. ಕೊಲ್ಲದವನೂ ಹಿಂಸೆಯ ಫಲವನ್ನು ಉಣ್ಣುವುದುಂಟೆಂದು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಅಮೃತಚಂದ್ರಸೂರಿಗಳು ಎಚ್ಚರಿಸಿದ್ದು ಇಂಥವನನ್ನೇ.

ಮದ್ದಿನ ವಿಷಯದಲ್ಲಿ ಮತ್ತೊಂದು ಮಾತು. ಪೆಟ್ಲುಪ್ಪು, ಗಂಧಕ, ಇದ್ದಿಲು ಇವು ಬೇರೆಬೇರೆಯಾಗಿದ್ದಾಗ ಅಂಗಡಿಯ ಸರಕು. ಕೂಡಿದಾಗ ಯಾರ ಮಾತನ್ನೂ ಕೇಳದ ಶಕ್ತಿ. ೨೦೨೧ರ ಫೆಬ್ರವರಿ ೨೩ರಂದು ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ ಕಲ್ಲುಗಣಿಯ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು. ಅದು ಕೋವಿಯ ಮದ್ದಲ್ಲ, ನಿಜ. ಆದರೆ ಸ್ಫೋಟಕಕ್ಕೆ ಒಡೆಯನೂ ಕೂಲಿಯೂ ಒಂದೇ, ಗುರಿಯೂ ಗುರಿಯಿಟ್ಟವನೂ ಒಂದೇ ಎಂಬ ಪಾಠವನ್ನು ಆ ರಾತ್ರಿ ಜಿಲ್ಲೆಗೆ ಕಲಿಸಿತು. ಮಹಾವೀರ ಸ್ವಾಮಿಯ ನಿರ್ವಾಣದ ದಿನವಾದ ದೀಪಾವಳಿಯಂದು ಪಟಾಕಿ ಬೇಡವೆಂದು ಮಕ್ಕಳಿಗೆ ಪ್ರತಿಜ್ಞೆ ಮಾಡಿಸುವ ಹಿರಿಯರು, ಕೋವಿಯ ಮದ್ದಿಗೆ ಮಾತ್ರ ಕಲೆಯ ಪಟ್ಟ ಕಟ್ಟುವುದು ಸಂಗತವಲ್ಲ.

ಚಾವುಂಡರಾಯನ ನೆಪ

ವಾದಕ್ಕೆ ದಾರಿ ಕಾಣದಾದಾಗ ಕೆಲವರು ಚಾವುಂಡರಾಯನನ್ನು ಕರೆತರುತ್ತಾರೆ. ಅವನು ದಂಡನಾಯಕನಲ್ಲವೆ? ಗಂಗರಾಜನು ಯುದ್ಧ ಮಾಡಲಿಲ್ಲವೆ? ಜೈನರು ವೀರರಲ್ಲವೆ? ಅವರು ವೀರರು ನಿಶ್ಚಯ. ಆದರೆ ರಾಜ್ಯರಕ್ಷಣೆಯ ಹೊಣೆಯನ್ನು ಹೊತ್ತು ರಣರಂಗಕ್ಕೆ ಇಳಿದವನಿಗೂ, ರಜೆಯ ದಿನ ಮದ್ದಿನ ವಾಸನೆಯನ್ನು ಸವಿಯಲು ಹೊರಡುವವನಿಗೂ ಹೋಲಿಕೆಯೇ ಇಲ್ಲ. ಆ ಚಾವುಂಡರಾಯನಾದರೂ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಲ್ಲಿಸಿದ್ದು ಯಾರನ್ನು? ಬಾಹುಬಲಿಯನ್ನು. ಎರಡು ಸೇನೆಗಳು ಎದುರುಬದುರು ನಿಂತಾಗ ರಕ್ತಪಾತವನ್ನು ತಪ್ಪಿಸಿ, ದೃಷ್ಟಿ, ಜಲ, ಮಲ್ಲ ಎಂಬ ಮೂರು ಯುದ್ಧಗಳಲ್ಲಿ ಆಯುಧವಿಲ್ಲದೆ ಗೆದ್ದವನು ಬಾಹುಬಲಿ. ಸೋತು ಕೆರಳಿದ ಭರತನು ಪ್ರಯೋಗಿಸಿದ ಚಕ್ರರತ್ನವು ಅವನನ್ನು ಬಲಗೊಂಡು ಸುಮ್ಮನೆ ನಿಂತಿತು. ಆ ಇಡೀ ಪ್ರಸಂಗದಲ್ಲಿ ಆಯುಧವನ್ನೆತ್ತಿದವನು ಸೋತವನು. ಸೇನಾಪತಿಯೊಬ್ಬನು ತನ್ನ ಬಾಳಿನ ಸಾರವೆಂದು ಕಲ್ಲಿನಲ್ಲಿ ನಿಲ್ಲಿಸಿದ ಮಾತಿದು. ಅವನ ಕತ್ತಿಯನ್ನು ನೆನೆದು ಅವನ ಗೊಮ್ಮಟನನ್ನು ಮರೆಯುವುದು ಅವನಿಗೆ ಮಾಡುವ ಅಪಚಾರ.

ರೈತನ ಪ್ರಶ್ನೆ

ಈ ಚರ್ಚೆಯಲ್ಲಿ ಗೌರವದಿಂದ ಉತ್ತರಿಸಬೇಕಾದ ಪ್ರಶ್ನೆಯೊಂದೇ. ಅದನ್ನು ಕೇಳುವವನು ರೈತ. ಕಡಲೆಕಾಯಿ ಹೊಲಕ್ಕೆ ಕಾಡುಹಂದಿ ನುಗ್ಗಿದರೆ, ಬಿತ್ತಿದ ಕಾಳನ್ನು ನವಿಲು ಹೆಕ್ಕಿದರೆ, ಸಾಲ ತೀರಿಸುವವರಾರು? ಬೆಳೆಯ ರಕ್ಷಣೆಗೆ ಬಾಯಿಮದ್ದಿನ ಕೋವಿಯ ಪರವಾನಗಿಯನ್ನು ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯೇ ಹೆಸರಿಸಿ ಹೇಳಿದೆ. ಪರವಾನಗಿಯಿಲ್ಲದೆ ಕೋವಿ ತಯಾರಿಸುವುದಕ್ಕೆ, ೨೦೧೯ರ ತಿದ್ದುಪಡಿಯ ಅನಂತರ, ಏಳು ವರ್ಷಗಳಿಗೆ ಕಡಮೆಯಿಲ್ಲದ ಸೆರೆವಾಸ ಉಂಟೆಂಬುದೂ ಅಷ್ಟೇ ಸ್ಪಷ್ಟ. ಮಾದರಿ ಹಳೆಯದೆಂಬ ಕಾರಣದಿಂದ, ಹಾರಬಲ್ಲ ಕೋವಿಗೆ ವಿನಾಯಿತಿ ದೊರೆಯುವುದಿಲ್ಲ.

ಕಾನೂನಿಗಿಂತ ಮುಖ್ಯವಾದ ಸಂಗತಿಯೊಂದಿದೆ. ನಳಿಗೆಯ ಒಳಮೈ ನಯವಾಗಿದ್ದು, ಗುಂಡನ್ನು ತಿರುಗಿಸುವ ಸುರುಳಿಗೆರೆಗಳಿಲ್ಲದಿರುವುದರಿಂದ ಇಂಥ ಕೋವಿಯ ಗುಂಡಿಗೆ ಸ್ಥಿರವಾದ ದಾರಿಯಿಲ್ಲ. ನೂರು ಗಜ ದಾಟಿದ ಮೇಲೆ ಗುರಿಯೆಂಬುದು ಬಹುಪಾಲು ಅದೃಷ್ಟ. ಚರೆ ತುಂಬಿ ಹೊಡೆದರೆ ಅದು ಹರಡಿಹೋಗುತ್ತದೆ. ಸಾಯುವ ಪ್ರಾಣಿಗಿಂತ ಗಾಯಗೊಂಡು ಪೊದೆ ಸೇರುವ ಪ್ರಾಣಿಯೇ ಹೆಚ್ಚು. ಸೀಸದ ಚರೆಯನ್ನು ಮೈಯಲ್ಲಿ ಹೊತ್ತು ದಿನಗಟ್ಟಲೆ ನರಳುವ ಹಂದಿಯಿಂದ ಹೊಲಕ್ಕೆ ರಕ್ಷಣೆಯೂ ಇಲ್ಲ, ಜೀವಕ್ಕೆ ಬಿಡುಗಡೆಯೂ ಇಲ್ಲ. ರಾಷ್ಟ್ರಪಕ್ಷಿಯಾದ ನವಿಲಿಗೆ ೧೯೭೨ರ ವನ್ಯಜೀವಿ ಕಾಯಿದೆಯ ರಕ್ಷಣೆ ಇದ್ದೇ ಇದೆ.

ಹಾಗೆಂದು ರೈತನಿಗೆ ಬರಿಗೈಯಲ್ಲಿ ಉಪದೇಶ ಮಾಡುವುದು ಅಹಿಂಸೆಯಲ್ಲ. ಅವನ ನಷ್ಟದಲ್ಲಿ ಪಾಲುಗೊಳ್ಳದೆ ಅವನ ಕೋವಿಯನ್ನು ನಿಂದಿಸುವವರ ಮಾತಿಗೆ ಬೆಲೆಯಿಲ್ಲ. ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳುವ ವ್ಯವಸ್ಥೆಯುಂಟು; ಅರ್ಜಿ ಬರೆಯಲು ಬಾರದೆ, ಕಚೇರಿಗೆ ಅಲೆಯಲಾರದೆ ಎಷ್ಟೋ ಮಂದಿ ಕೈಬಿಡುತ್ತಾರೆ. ಸೌರವಿದ್ಯುತ್ತಿನ ಬೇಲಿಗೆ, ರಾತ್ರಿಯ ಕಾವಲಿಗೆ ಹಣ ಬೇಕು. ಪಂಚಕಲ್ಯಾಣದ ಮೆರವಣಿಗೆಗೆ ಲಕ್ಷಗಳನ್ನು ವ್ಯಯಿಸಬಲ್ಲ ಸಮಾಜಕ್ಕೆ ಬಸದಿಯ ಸುತ್ತಣ ನಾಲ್ಕು ಹೊಲಗಳ ಬೇಲಿ ಭಾರವಾಗಲಾರದು. ಅಭಯದಾನವೆಂದರೆ ಹಂದಿಗೂ ಅಭಯ, ರೈತನಿಗೂ ಅಭಯ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ತೋರಿಸಿ, ರೇಷ್ಮೆ ಉಟ್ಟು ಪೂಜೆ ಮಾಡುವವರಿಗೆ ಕೋವಿಯ ಬಗ್ಗೆ ಮಾತನಾಡುವ ಮುಖವೆಲ್ಲಿದೆ ಎಂದು ಕೇಳುವವರೂ ಉಂಟು. ಆ ಆಕ್ಷೇಪ ನ್ಯಾಯವಾದದ್ದೇ. ಬೇಯುವ ನೀರಿನಲ್ಲಿ ಸಾಯುವ ಹುಳುವಿಗೂ ಪ್ರಾಣವಿದೆ. ಅದನ್ನು ಅರಿತು ಹತ್ತಿಯ ಬಟ್ಟೆಗೆ ಬಂದ ಶ್ರಾವಕರೂ ಇದ್ದಾರೆ. ಆದರೆ ಒಂದು ತಪ್ಪು ಉಳಿದಿದೆಯೆಂಬುದು ಮತ್ತೊಂದನ್ನು ಬರಮಾಡಿಕೊಳ್ಳಲು ಕಾರಣವಾಗಬಾರದು. ಆ ಮಾತಿನಿಂದ ರೇಷ್ಮೆ ಬಿಡುವುದಾದರೆ ಲೇಸು. ಕೋವಿ ಹಿಡಿಯುವುದಾದರೆ ಅದು ತರ್ಕವಲ್ಲ.

ಮಾಡಬೇಕಾದುದು

ವ್ರತವು ಮಾತಿನಲ್ಲಿ ಮುಗಿಯಬಾರದು. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರುಗಳ ಪೇಟೆಗಳಲ್ಲಿ ಕಬ್ಬಿಣ, ಹಾರ್ಡ್‌ವೇರ್, ಗಿರವಿ ವ್ಯಾಪಾರಗಳನ್ನು ನಡೆಸುವ ಜೈನರು ಕೋವಿಯ ಕೆಲಸಕ್ಕೆಂದು ತಿಳಿದೂ ಸರಕು ಮಾರಬಾರದು. ಕೋವಿಯನ್ನು ಗಿರವಿ ಇಟ್ಟುಕೊಳ್ಳಬಾರದು. ಹಿಂಸಾದಾನವೆಂಬುದು ತಾಳೆಗರಿಯಲ್ಲಿ ಅಲ್ಲ, ಗಲ್ಲಾಪೆಟ್ಟಿಗೆಯ ಮುಂದೆ ಪರೀಕ್ಷೆಗೆ ಒಳಗಾಗುವ ವಿಷಯ. ಆಯುಧಪೂಜೆಯ ದಿನ ಮನೆಯಲ್ಲಿ ತಕ್ಕಡಿ, ಲೆಕ್ಕದ ಪುಸ್ತಕ, ನೇಗಿಲು ಇಟ್ಟು ಪೂಜಿಸುವವರು ಅಲ್ಲಿ ಕೋವಿಗೆ ಸ್ಥಾನ ಕೊಡಬಾರದು. ಹಿರಿಯರಿಂದ ಬಂದ ಹಳೆಯ ಕೋವಿಯಿದ್ದರೆ ಅದನ್ನು ಕಾನೂನಿನಂತೆ ಒಪ್ಪಿಸುವುದು ಮೇಲು. ಗೋಡೆಯ ಮೇಲೆ ಮೆರೆಸಿದರೆ ಮಕ್ಕಳ ಕಣ್ಣಿಗೆ ಅದೇ ಮನೆಯ ಕೀರ್ತಿಯಾಗಿ ಕಾಣುತ್ತದೆ. ಬಸದಿಗಳ ಟ್ರಸ್ಟುಗಳು ತಮ್ಮ ಸಭಾಭವನ, ಛತ್ರಗಳನ್ನು ಆಯುಧಗಳ ಪ್ರದರ್ಶನಕ್ಕೆ ನೀಡುವುದಿಲ್ಲವೆಂದು ನಿರ್ಣಯ ಬರೆದಿಡಬೇಕು. ಜೊತೆಗೆ ಬೆಳೆಹಾನಿಗೊಳಗಾದ ನೆರೆಯ ರೈತರಿಗೆಂದು ವರ್ಷಕ್ಕೆ ಒಂದಿಷ್ಟು ಹಣವನ್ನು ತೆಗೆದಿರಿಸಬೇಕು. ಕುಶಲಕಲೆಯನ್ನು ಪೋಷಿಸುವ ಆಸೆಯಿದ್ದರೆ ಅದಕ್ಕೆ ಕಲ್ಲು ಕೆತ್ತುವ ಶಿಲ್ಪಿ, ಹಿತ್ತಾಳೆ ಎರಕದವನು, ಹಳೆಯ ತಾಳೆಗರಿಗಳನ್ನು ಓದಿ ನಕಲು ಮಾಡುವವನು ಕಾದಿದ್ದಾರೆ. ಆ ಕುಲುಮೆಯ ಬೆಂಕಿಯಿಂದಲೇ ಕುಡುಗೋಲೂ ಗಂಟೆಯೂ ಹುಟ್ಟಬಲ್ಲವು.

ದಶಲಕ್ಷಣ ಪರ್ವದ ಕೊನೆಗೆ ಕ್ಷಮಾವಣಿಯ ದಿನ, ಶ್ರಾವಕನು ಸಕಲ ಜೀವರಾಶಿಯ ಕ್ಷಮೆಯನ್ನು ಬೇಡುತ್ತಾನೆ. ಯಾರೊಡನೆಯೂ ತನಗೆ ವೈರವಿಲ್ಲವೆಂದು ಕೈಮುಗಿದು ಹೇಳುತ್ತಾನೆ. ಮುಗಿದ ಕೈಯಲ್ಲಿ ಕೋವಿ ಹಿಡಿಯಲು ಜಾಗವಿಲ್ಲ. ಅದನ್ನು ಹಿಡಿಯಬೇಕಾದರೆ ಮೊದಲು ಆ ಕೈಗಳು ಬೇರೆಯಾಗಬೇಕಾಗುತ್ತದೆ.